ರೀಫರ್ಬಿಶ್ಡ್ ಸ್ಲೈಡಿಂಗ್ ಮೈಟರ್ ಸಾ: ತರಬೇಕೋ, ಬಿಡಬೇಕೋ?

ಹೊಸ ಸಾದಾ ಮೈಟರ್ ಸಾ (ಓರೆಯಾಗಿಯೂ ಕೊಯ್ಯುವ ವಿದ್ಯುತ್ ಗರಗಸ) ಕೊಳ್ಳುವ ದುಡ್ಡಿಗೆ ಒಳ್ಳೆಯ ಕಂಪನಿಯ ರೀಫರ್ಬಿಶ್ಡ್, ಅಂದರೆ ಸರಿಮಾಡಿ ಮತ್ತೆ ಮಾರುವ, ಸ್ಲೈಡಿಂಗ್ ಸಾ ಸಿಗುತ್ತಿದೆ, ಯಾವುದಕ್ಕೆ ಕೈ ಹಾಕಲಿ? ಮರಗೆಲಸ ಶುರು ಮಾಡಿದವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ನಾನೂ ಒಂದು ಕಾಲಕ್ಕೆ ಇದೇ ಗೊಂದಲದಲ್ಲಿದ್ದೆ. ಅಳೆದೂ ಸುರಿದೂ ಕೊನೆಗೆ 10 ಇಂಚಿನ (ಇದು ಬ್ಲೇಡಿನ ವ್ಯಾಸ) ರೀಫರ್ಬಿಶ್ಡ್ ಸ್ಲೈಡರ್ ತಂದೆ. ಆರು ವರ್ಷದಿಂದ ಅದೇ ಓಡುತ್ತಿದೆ. ಹಾಗಂತ ಎಲ್ಲರಿಗೂ ಅದನ್ನೇ ತನ್ನಿ ಅನ್ನುವುದಿಲ್ಲ. ನನ್ನನ್ನು ಕೇಳಿದವರಲ್ಲಿ ಎಷ್ಟೋ ಜನಕ್ಕೆ ಸ್ಲೈಡ್ ಬೇಕೇ ಇರಲಿಲ್ಲ.

ಹೆಸರುಗಳನ್ನು ಮೊದಲು ಬಿಡಿಸಿಕೊಳ್ಳೋಣ. ಬ್ಲೇಡು ಎಡಕ್ಕೆ ಬಲಕ್ಕೆ ತಿರುಗಿ ಓರೆಯಾಗಿ ಕೊಯ್ದರೆ ಮೈಟರ್. ಜೊತೆಗೆ ಪಕ್ಕಕ್ಕೆ ವಾಲಿ ಕೊಯ್ಯಲೂ ಬಂದರೆ ಕಾಂಪೌಂಡ್. ಮೋಟಾರು, ಬ್ಲೇಡು ಇರುವ ಇಡೀ ತಲೆಭಾಗ ಕಂಬಿಗಳ ಮೇಲೆ ಹಿಂದೆ ಮುಂದೆ ಜಾರಿದರೆ ಸ್ಲೈಡಿಂಗ್. ಒಂದೇ ಕಡೆ ವಾಲುವುದು ಸಿಂಗಲ್ ಬೆವೆಲ್, ಎರಡೂ ಕಡೆ ವಾಲುವುದು ಡಬಲ್ ಬೆವೆಲ್. ಡಬಲ್ ಇದ್ದರೆ ಉದ್ದದ ಪಟ್ಟಿಯನ್ನು ತಿರುವಿ ಮಗುಚಿ ಹಾಕುವ ಕಷ್ಟ ತಪ್ಪುತ್ತದೆ, ಅಷ್ಟೇ. ಮನೆ ಮಟ್ಟದ ಕೆಲಸಕ್ಕೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಅಂಗಡಿಗೆ ಹೋಗುವ ಮೊದಲು

ಮೊದಲ ಪ್ರಶ್ನೆ ಅಗಲದ್ದು. ನೀವು ಕೊಯ್ಯುವ ಅತಿ ಅಗಲದ ಹಲಗೆ ಎಷ್ಟು? ಊಹೆ ಬೇಡ, ಟೇಪು ಹಿಡಿದು ಅಳೆಯಿರಿ. 10 ಇಂಚಿನ ಸಾದಾ ಸಾ ನೇರ ಕೊಯ್ತದಲ್ಲಿ ಸುಮಾರು 140 ಮಿ.ಮೀ. ಅಗಲ ಕೊಯ್ಯುತ್ತದೆ. 12 ಇಂಚಿನದು ಸುಮಾರು 200 ಮಿ.ಮೀ. 10 ಇಂಚಿನದೇ ಸ್ಲೈಡರ್ ಆದರೆ ಸುಮಾರು 300 ಮಿ.ಮೀ. ಇವೆಲ್ಲ 90 ಡಿಗ್ರಿಯ ಲೆಕ್ಕ. 45 ಡಿಗ್ರಿಗೆ ತಿರುಗಿಸಿದರೆ ಅಗಲ ಹೆಚ್ಚುಕಮ್ಮಿ ಮುಕ್ಕಾಲಿಗಿಂತ ಕೆಳಗೆ ಇಳಿಯುತ್ತದೆ, 300 ಇದ್ದದ್ದು 210ರ ಹತ್ತಿರ ಬರುತ್ತದೆ. ಫೋಟೋ ಫ್ರೇಮು, ಬೀಡಿಂಗ್, ಸ್ಕರ್ಟಿಂಗ್, ರೀಪರ್ ಇಷ್ಟೇ ನಿಮ್ಮ ಕೆಲಸವಾದರೆ 140 ಸಾಕೋ ಸಾಕು. ಕಪಾಟಿನ ಅಡ್ಡ ಹಲಗೆ, ಮೆಟ್ಟಿಲ ಹಲಗೆ, ಬೆಂಚಿನ ಮೇಲ್ಮೈ ಅಂದರೆ ಸ್ಲೈಡ್ ಬೇಕಾಗುತ್ತದೆ.

ಎರಡನೆಯದು, ಕೋನ ಎಷ್ಟು ಕರಾರುವಾಕ್ಕಾಗಿರಬೇಕು ಅನ್ನುವುದು. ಬೇಲಿ, ಚಪ್ಪರದ ಕೆಲಸಕ್ಕೆ ಅರ್ಧ ಡಿಗ್ರಿ ಆಚೀಚೆ ಆದರೆ ಯಾರೂ ನೋಡುವುದಿಲ್ಲ. ಫ್ರೇಮಿನಲ್ಲಿ ಹಾಗಲ್ಲ. ನಾಲ್ಕು ಮೂಲೆಗೆ ಎಂಟು ಕೊಯ್ತ. ಪ್ರತಿಯೊಂದೂ ಅರ್ಧ ಡಿಗ್ರಿ ಒಂದೇ ಕಡೆಗೆ ತಪ್ಪಿದರೆ ನಾಲ್ಕು ಡಿಗ್ರಿ ಕೂಡಿಕೊಂಡು ಕೊನೆಯ ಮೂಲೆಯಲ್ಲಿ ಬಂದು ಕೂರುತ್ತದೆ. 60 ಮಿ.ಮೀ. ಅಗಲದ ಪಟ್ಟಿಯಾದರೆ ಅಲ್ಲಿ ಸುಮಾರು 6 ಮಿ.ಮೀ. ಬಾಯಿ ಬಿಟ್ಟುಕೊಳ್ಳುತ್ತದೆ. ಇದು ಪುಸ್ತಕದ ಲೆಕ್ಕವಲ್ಲ. ಯಂತ್ರ ಬಂದ ದಿನವೇ ಏನನ್ನೂ ತಾಳೆ ನೋಡದೆ ಉತ್ಸಾಹದಲ್ಲಿ ಐದು ಫ್ರೇಮಿನ ಪಟ್ಟಿಗಳನ್ನು ಒಟ್ಟಿಗೆ ಕೊಯ್ದು ರಾಶಿ ಹಾಕಿದವನು ನಾನು. ಐದರ ಬಾಯಿಯೂ ತೆರೆದೇ ಇತ್ತು.

ಮೂರನೆಯದು ಜಾಗ ಮತ್ತು ಭಾರ. ಸ್ಲೈಡರಿನ ಕಂಬಿಗಳು ಹಿಂದಕ್ಕೆ ಚಾಚುತ್ತವೆ. ಗೋಡೆಗೂ ಯಂತ್ರಕ್ಕೂ ನಡುವೆ ಒಂದಡಿ ಖಾಲಿ ಬಿಡಲೇಬೇಕಾದ ಮಾದರಿಗಳೇ ಹೆಚ್ಚು. ಬಾಷ್ ಕಂಪನಿಯ ಆಕ್ಸಿಯಲ್ ಗ್ಲೈಡ್‌ನಂತೆ ಮಡಚುವ ತೋಳಿರುವ ಯಂತ್ರ, ಇಲ್ಲವೇ ಕಂಬಿ ಹಿಂದೆ ಚಾಚದೆ ತಲೆಯೇ ಅದರ ಮೇಲೆ ಜಾರುವ ಯಂತ್ರ ಗೋಡೆಗೆ ಒತ್ತಿ ಕೂರುತ್ತದೆ, ಆದರೆ ಬೆಲೆ ಜಾಸ್ತಿ. ಭಾರದ ವಿಷಯಕ್ಕೆ ಬಂದರೆ, 12 ಇಂಚಿನ ಸ್ಲೈಡರುಗಳು 25ರಿಂದ 30 ಕೆ.ಜಿ. ತೂಗುತ್ತವೆ. ಕೆಲಸ ಇದ್ದಲ್ಲಿಗೆ ಹೊತ್ತು ಓಡಾಡುವವರಿಗೆ ಮೊದಲ ವಾರದಲ್ಲೇ ಸೊಂಟ ಉತ್ತರ ಹೇಳುತ್ತದೆ.

ಬಿಡಿಭಾಗ ಸಿಗುತ್ತದೆಯೇ ಅನ್ನುವುದು ನಾಲ್ಕನೆಯದು. ಐದನೆಯದು ನಿಮ್ಮ ತಾಳ್ಮೆ. ಸ್ಪ್ಯಾನರು, ಮೂಲೆಮಟ್ಟ ಹಿಡಿದು ಅರ್ಧ ದಿನ ಕೂತು ಸರಿಮಾಡುವ ಮನಸ್ಸು ನಿಮಗಿದೆಯೇ? ಇಲ್ಲ ಅನ್ನುವುದು ತಪ್ಪಲ್ಲ. ಆದರೆ ಆ ಉತ್ತರದ ಮೇಲೆ ನಿಮ್ಮ ಆಯ್ಕೆ ಬದಲಾಗುತ್ತದೆ.

ಹೊಸ ಸಾದಾ ಸಾ

ಸ್ಲೈಡ್ ಇಲ್ಲದ 10 ಇಂಚಿನ ಹೊಸ ಕಾಂಪೌಂಡ್ ಸಾ. ನೋಡಲು ಬಡವಾಗಿ ಕಾಣುತ್ತದೆ, ಅಲ್ವಾ? ಆದರೆ ಸವೆದು ಸಡಿಲವಾಗುವ ಜಾಗ ಇದರಲ್ಲಿ ಒಂದೇ: ತಲೆ ಮೇಲೆ ಕೆಳಗೆ ಆಡುವ ಕೀಲು. ಹಾಗಾಗಿ ಕೋನ ಒಮ್ಮೆ ಕೂರಿಸಿದರೆ ಬಹುಕಾಲ ನಿಲ್ಲುತ್ತದೆ. ಹಗುರ, ಗೋಡೆಗೆ ಒತ್ತಿ ಇಡಬಹುದು, ಪೂರ್ತಿ ವಾರಂಟಿ ಇರುತ್ತದೆ. ಹೊಸ ಸ್ಲೈಡರಿಗಿಂತ ಉಳಿಯುವ ದುಡ್ಡಿನಲ್ಲಿ 60 ಹಲ್ಲಿನ ಒಳ್ಳೆಯ ಬ್ಲೇಡು ಬರುತ್ತದೆ. ಒಳ್ಳೆಯ ಬ್ಲೇಡು ಹಾಕಿದ ಸಾದಾ ಸಾ ಕೊಡುವ ಮೂಲೆಯನ್ನು, ಜೊತೆಗೆ ಬಂದ ಬ್ಲೇಡನ್ನೇ ನೆಚ್ಚಿಕೊಂಡ ದುಬಾರಿ ಸ್ಲೈಡರ್ ಕೊಡುವುದಿಲ್ಲ. 200 ಮಿ.ಮೀ. ತನಕ ಬೇಕಾದವರು 12 ಇಂಚಿನದಕ್ಕೆ ಹೋಗಬಹುದು. ಆದರೆ ಅದರ ಬ್ಲೇಡಿಗೆ ಬೆಲೆ ಹೆಚ್ಚು, ಸಾಣೆಗೂ ಹೆಚ್ಚು.

ಹೊಸ ಅಗ್ಗದ ಸ್ಲೈಡರ್

ನಾನು ಯಾರಿಗೂ ಹೇಳದ ಆಯ್ಕೆ ಇದೊಂದೇ. ಸ್ಲೈಡ್ ಅಂದರೆ ಉದ್ದದ ಕಂಬಿಯ ತುದಿಯಲ್ಲಿ ಭಾರದ ಮೋಟಾರು ತೂಗಿಬಿಟ್ಟಂತೆ. ಕಂಬಿ ಸಪೂರವಾಗಿದ್ದು ಬೇರಿಂಗ್ ಬದಲು ಪ್ಲಾಸ್ಟಿಕ್ ಬುಷ್ ಹಾಕಿದ್ದರೆ, ತಲೆ ಮುಂದಕ್ಕೆ ಬಂದಾಗ ಬ್ಲೇಡು ಆಚೀಚೆ ಆಡುತ್ತದೆ. ಅಗಲದ ಹಲಗೆ ಕೊಯ್ಯಲೆಂದೇ ಕೊಂಡ ಯಂತ್ರ, ಅಗಲದ ಹಲಗೆಯಲ್ಲೇ ಸೊಟ್ಟಗೆ ಕೊಯ್ದರೆ ಏನು ಬಂತು? ಇದನ್ನು ಯಾವ ತಿರುಪಿನಿಂದಲೂ ಸರಿಮಾಡಲು ಆಗುವುದಿಲ್ಲ.

ರೀಫರ್ಬಿಶ್ಡ್ ಸ್ಲೈಡರ್

ಈ ಒಂದು ಪದದ ಹಿಂದೆ ಮೂರು ಬೇರೆ ಬೇರೆ ಮಾಲು ಅಡಗಿರುತ್ತವೆ.

ಮೊದಲನೆಯದು ಕಂಪನಿಯೇ, ಇಲ್ಲವೇ ಅದರ ಅಧಿಕೃತ ಸರ್ವಿಸ್ ಸೆಂಟರು ಸರಿಮಾಡಿ ಮಾರುವುದು. ಹೀಗೆ ಬರುವ ಎಲ್ಲವೂ ಕೆಟ್ಟ ಯಂತ್ರಗಳಲ್ಲ. ಪೆಟ್ಟಿಗೆ ಒಡೆದು ನೋಡಿ ಬೇಡವೆಂದು ವಾಪಸು ಕೊಟ್ಟದ್ದು, ಸಾಗಣೆಯಲ್ಲಿ ಏಟು ತಿಂದದ್ದು, ಅಂಗಡಿಯಲ್ಲಿ ತೋರಿಸಲು ಇಟ್ಟದ್ದು ಎಲ್ಲ ಸೇರಿರುತ್ತವೆ. ಪರೀಕ್ಷೆ ಮಾಡಿ, ಸವೆದದ್ದನ್ನು ಬದಲಿಸಿ ಕಳಿಸುತ್ತಾರೆ. ಮೈಮೇಲೆ ಇಲ್ಲವೇ ಪೆಟ್ಟಿಗೆಯ ಮೇಲೆ ಹಾಗೆಂದು ಗುರುತೂ ಇರುತ್ತದೆ. ವಾರಂಟಿ ಇರುತ್ತದೆ, ಬಹಳ ಸಲ ಹೊಸದಕ್ಕಿಂತ ಕಡಿಮೆ ಅವಧಿಯದು. ಎಷ್ಟು ದಿನ ಅನ್ನುವುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಎರಡನೆಯದು ರಿಪೇರಿಯವರು ಸ್ವಂತವಾಗಿ ಸರಿಮಾಡಿ ಮಾರುವುದು. ಇಲ್ಲಿ ನೀವು ನಂಬುವುದು ಆ ಮನುಷ್ಯನ ಕೈಯನ್ನು. 'ಏನೇನು ಬದಲಿಸಿದ್ರಿ?' ಅಂತ ಕೇಳಿ. ಬ್ರಷ್ ಹಾಕಿದೆ, ಇಂಥ ಬೇರಿಂಗ್ ಹಾಕಿದೆ, ಸ್ವಿಚ್ ಬದಲಿಸಿದೆ ಎಂದು ಬಿಡಿಬಿಡಿಯಾಗಿ ಹೇಳಿದರೆ ಮುಂದೆ ಮಾತಾಡಬಹುದು. 'ಎಲ್ಲಾ ಚೆಕ್ ಮಾಡಿದೀವಿ ಸಾರ್' ಅಂದರೆ ಅದು ಮೂರನೆಯ ಬಗೆ. ತೊಳೆದು, ಒರೆಸಿ, ಬಣ್ಣ ಬಳಿದ ಸೆಕೆಂಡ್ ಹ್ಯಾಂಡ್ ಮಾಲು, ಅಷ್ಟೇ. ಅದಕ್ಕೆ ಸೆಕೆಂಡ್ ಹ್ಯಾಂಡ್ ಬೆಲೆ ಮಾತ್ರ ಕೊಡಿ.

ಒಂದು ಒಳ್ಳೆಯ ಸಂಗತಿ ಇದೆ. ಹೊಸದೇ ತಂದರೂ ಸ್ಲೈಡರನ್ನು ತಾಳೆ ನೋಡಿ ಕೂರಿಸಲೇಬೇಕು. ಲಾರಿಯಲ್ಲಿ ಕುಲುಕಿಕೊಂಡು ಬಂದ ಭಾರದ ಯಂತ್ರದ ಫೆನ್ಸು (ಹಲಗೆಯನ್ನು ಒತ್ತಿ ಹಿಡಿಯುವ ಹಿಂಬದಿಯ ಅಡ್ಡಪಟ್ಟಿ) ಕೂದಲೆಳೆಯಷ್ಟು ಸರಿದಿರುವುದು ಸಾಮಾನ್ಯ. ಅಂದಮೇಲೆ ಆ ಅರ್ಧ ದಿನದ ಕೆಲಸ ರೀಫರ್ಬಿಶ್ಡ್‌ಗೆ ಮಾತ್ರ ಅಂಟಿದ್ದಲ್ಲ. ಗಟ್ಟಿ ಕಂಬಿ, ಒಳ್ಳೆಯ ಬೇರಿಂಗ್ ಇರುವ ಯಂತ್ರ ಸಾದಾ ಸಾದ ಬೆಲೆಗೆ ಸಿಕ್ಕರೆ ನಾನು ಹೊಸ ಅಗ್ಗದ ಸ್ಲೈಡರಿನ ಕಡೆ ತಿರುಗಿಯೂ ನೋಡುವುದಿಲ್ಲ.

ಎದುರಿಗೆ ನಿಂತಾಗ ಏನು ನೋಡಬೇಕು

ಪ್ಲಗ್ ಕಿತ್ತಿಟ್ಟು ಶುರು ಮಾಡಿ. ತಲೆಯನ್ನು ಪೂರ್ತಿ ಮುಂದಕ್ಕೆ ಎಳೆಯಿರಿ, ಪೂರ್ತಿ ಹಿಂದಕ್ಕೆ ತಳ್ಳಿರಿ. ಮೊದಲಿಂದ ಕೊನೆಯವರೆಗೂ ಒಂದೇ ಸಮ ಜಾರಬೇಕು. ಮರಳು ಸಿಕ್ಕಂತೆ ಗರಗರ ಅಂದರೆ ಕಂಬಿ ಒರೆಸಿ ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಬೇರಿಂಗ್ ಹೋಗಿದೆ, ಇಲ್ಲವೇ ಕಂಬಿಗೆ ಗೀರು ಬಿದ್ದಿದೆ. ಈಗ ತಲೆ ಮುಂದಿರುವಾಗ ಹಿಡಿಯನ್ನು ಮೆಲ್ಲಗೆ ಪಕ್ಕಕ್ಕೆ ಅಲ್ಲಾಡಿಸಿ. ಜೋರಾಗಿ ಒತ್ತಿದರೆ ಎಂಥ ಯಂತ್ರವೂ ಸ್ವಲ್ಪ ಬಾಗುತ್ತದೆ, ಅದನ್ನು ದೋಷ ಅನ್ನಬೇಡಿ. ಎರಡು ಬೆರಳಿನ ಬಲಕ್ಕೇ 'ಟಕ್ ಟಕ್' ಎಂದು ಆಡಿದರೆ ಮಾತ್ರ ಕೀಲು ಸಡಿಲವಾಗಿದೆ ಅಂತ ಅರ್ಥ. ಸ್ಲೈಡಿನ ಈ ಪರೀಕ್ಷೆಯಲ್ಲಿ ಬಿದ್ದ ಯಂತ್ರವನ್ನು ಅಲ್ಲೇ ಬಿಟ್ಟು ಬನ್ನಿ. ಮಿಕ್ಕ ಎಲ್ಲವನ್ನೂ ಸರಿಮಾಡಬಹುದು. ಇದಕ್ಕೆ ಕೈ ಹಾಕಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಬ್ಲೇಡು ಮುಚ್ಚುವ ಕೆಳಗಿನ ಗಾರ್ಡು ತಲೆ ಇಳಿಸಿದಾಗ ತೆರೆದು, ಎತ್ತಿದಾಗ ತಾನಾಗಿ ಮುಚ್ಚಿಕೊಳ್ಳಬೇಕು. ತಂತಿ ಕಟ್ಟಿ ಮೇಲೆ ಎತ್ತಿಟ್ಟಿದ್ದರೆ ಹಳೆಯ ಯಜಮಾನರು ಆ ಯಂತ್ರವನ್ನು ಹೇಗೆ ದುಡಿಸಿದ್ದಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ವಯರಿರುವ ಬಹಳಷ್ಟು ಸಾಗಳಲ್ಲಿ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು) ಇರುವ ಮೋಟಾರು ಇರುತ್ತದೆ. ಮೋಟಾರಿನ ಎರಡೂ ಬದಿಯ ಮುಚ್ಚಳ ಸ್ಕ್ರೂಡ್ರೈವರಿನಲ್ಲಿ ತಿರುಗಿಸಿದರೆ ಬ್ರಷ್ ಹೊರಗೆ ಬರುತ್ತದೆ. 6 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ ಜೋಡಿಯನ್ನೇ ಬದಲಿಸಬೇಕು. ಅದು ಸಣ್ಣ ಖರ್ಚು, ಬೆಲೆ ಇಳಿಸಲು ಒಳ್ಳೆಯ ನೆಪ ಕೂಡ. ಈಗ ಪ್ಲಗ್ ಹಾಕಿ ಓಡಿಸಿ. ಗಾಳಿಕಿಂಡಿಯಲ್ಲಿ ಸಣ್ಣ ಕಿಡಿ ಕಂಡರೆ ಹೆದರಬೇಕಿಲ್ಲ. ಸುತ್ತಲೂ ಬೆಂಕಿಯ ಬಳೆ ಕಂಡರೆ ಅಥವಾ ಸುಟ್ಟ ವಾಸನೆ ಬಂದರೆ ಒಳಗೆ ತಿರುಗುವ ಸುರುಳಿ, ಅಂದರೆ ಆರ್ಮೇಚರ್, ಕೆಟ್ಟಿರಬಹುದು. ಸ್ವಿಚ್ ಬಿಟ್ಟಾಗ ಬ್ರೇಕ್ ಇರುವ ಮಾದರಿಯಲ್ಲಿ ಬ್ಲೇಡು ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು.

ಇನ್ನು ಕೋನ. 150 ಮಿ.ಮೀ. ಅಗಲದ ಹಲಗೆಯ ತುಂಡೊಂದನ್ನು ಜೊತೆಗೆ ಒಯ್ಯಿರಿ, ಎರಡೂ ಅಂಚು ಸಮಾನಾಂತರ ಇರಲಿ. ನೇರಕ್ಕೆ ಕೊಯ್ಯಿರಿ. ಒಂದು ತುಂಡನ್ನು ಮಾತ್ರ ಬೋರಲು ಹಾಕಿ, ಎರಡನ್ನೂ ಫೆನ್ಸಿಗೆ ಒತ್ತಿ ಕೊಯ್ದ ಮುಖಗಳನ್ನು ಕೂಡಿಸಿ. ಸಂದು ಕಂಡರೆ ಅದು ನಿಜವಾದ ತಪ್ಪಿನ ಎರಡರಷ್ಟು. ಮೂಲೆಮಟ್ಟಕ್ಕಿಂತ ಈ ಉಪಾಯ ಚುರುಕು, ಯಾಕೆಂದರೆ ತಪ್ಪು ದೊಡ್ಡದಾಗಿ ಕಾಣುತ್ತದೆ. ಇಲ್ಲಿ ಸಂದು ಬಂತು ಅಂತ ಯಂತ್ರ ಬಿಡಬೇಡಿ. ಫೆನ್ಸಿನ ಬೋಲ್ಟು ಸಡಿಲಿಸಿ ಸರಿಮಾಡುವ ಕೆಲಸ ಇದು. ಫೆನ್ಸೇ ಬಾಗಿದ್ದರೆ ಮಾತ್ರ ಯೋಚಿಸಿ. ಉದ್ದದ ಉಕ್ಕಿನ ಸ್ಕೇಲು ಇಟ್ಟು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ.

ಕೊಯ್ದ ಮುಖವನ್ನೂ ನೋಡಿ. ಒಂದೇ ಬದಿಗೆ ಕಮಾನು ಕಮಾನಾಗಿ ಗೀರು ಬಿದ್ದು ಸುಟ್ಟ ಕಲೆ ಇದ್ದರೆ, ಬ್ಲೇಡು ತಾನು ಜಾರುವ ದಾರಿಗೆ ನೇರವಾಗಿಲ್ಲ, ಹಿಂದಿನ ಹಲ್ಲುಗಳು ಮರವನ್ನು ಮತ್ತೆ ಕೆರೆಯುತ್ತಿವೆ ಎಂದರ್ಥ. ಮೊಂಡ ಬ್ಲೇಡಿನಿಂದಲೂ ಸುಟ್ಟ ಕಲೆ ಬರುತ್ತದೆ. ಆದ್ದರಿಂದ ಒಳ್ಳೆಯ ಬ್ಲೇಡು ಹಾಕಿ ಇನ್ನೊಮ್ಮೆ ಕೊಯ್ದ ಮೇಲೆ ತೀರ್ಮಾನಿಸಿ.

ಕೊನೆಗೆ ಮೈಮೇಲಿನ ಫಲಕ ಓದಿ. ಬೇರೆ ದೇಶದಿಂದ ಬಂದ ಯಂತ್ರ 120 ವೋಲ್ಟಿನದಾಗಿರಬಹುದು. 230 ವೋಲ್ಟಿಗೆ ನೇರ ಚುಚ್ಚಿದರೆ ಮೋಟಾರು ಸುಟ್ಟಿತೆಂದೇ ಲೆಕ್ಕ. ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ 1,800 ವಾಟಿನ ಸಾಗೆ ಬೇಕಾಗುವ ಟ್ರಾನ್ಸ್‌ಫಾರ್ಮರ್ ಭಾರವೂ ಹೌದು, ದುಬಾರಿಯೂ ಹೌದು. ಬ್ಲೇಡಿನ ನಡುವಿನ ತೂತೂ ದೇಶದಿಂದ ದೇಶಕ್ಕೆ ಬೇರೆ: 30 ಮಿ.ಮೀ., 25.4 ಮಿ.ಮೀ., 15.88 ಮಿ.ಮೀ. ಮೂರೂ ಇವೆ. ನಿಮ್ಮಲ್ಲಿ ಸಿಗುವ ಬ್ಲೇಡು ಅದಕ್ಕೆ ಕೂರುತ್ತದೆಯೇ ನೋಡಿಕೊಳ್ಳಿ. ಮಾದರಿ ಸಂಖ್ಯೆ ಬರೆದುಕೊಂಡು ಬ್ರಷ್, ಗಾರ್ಡು, ಸ್ವಿಚ್ ಇವು ಮೂರೂ ಸಿಗುತ್ತವೆಯೇ ಎಂದು ವಿಚಾರಿಸಿ. ಹಿಟಾಚಿ ಹೆಸರಿನ ಹಳೆಯ ಸಾ ಸಿಕ್ಕಿದವರು ಬಿಡಿಭಾಗ ಇಲ್ಲವೆಂದು ಸುಮ್ನೆ ಹೆದರುವುದುಂಟು. ಆ ಯಂತ್ರಗಳ ಹೆಸರು 2018ರಲ್ಲಿ ಹೈಕೋಕಿ ಎಂದು ಬದಲಾಯಿತು. ಆ ಹೆಸರಿನಲ್ಲಿ ಹುಡುಕಿ.

ಯಾರೋ ಬಳಸಿ ಬಿಟ್ಟದ್ದು

ಬಳಸಿದವರ ಕೈಯಿಂದಲೇ ನೇರವಾಗಿ ಕೊಳ್ಳುವ ಹಳೆಯ ಸ್ಲೈಡರ್ ಎಲ್ಲಕ್ಕಿಂತ ಅಗ್ಗ. ವಾರಂಟಿ ಇಲ್ಲ, ವಾಪಸು ಇಲ್ಲ. ಮೇಲಿನ ಪರೀಕ್ಷೆಗಳನ್ನು ಅವರ ಮನೆಯಲ್ಲೇ ಮಾಡಲು ಬಿಟ್ಟರೆ ಮಾತ್ರ ಯೋಚಿಸಬಹುದು. ಹವ್ಯಾಸಕ್ಕೆ ಕೊಂಡು ಧೂಳು ಹಿಡಿದ ಯಂತ್ರ ಸಿಕ್ಕರೆ ಅದೃಷ್ಟ. ದಿನವಿಡೀ ಅಲ್ಯೂಮಿನಿಯಂ ಪಟ್ಟಿ ಕೊಯ್ದ ಯಂತ್ರವಾದರೆ ಬೇರಿಂಗಿನ ಸಂದುಗೊಂದಿನಲ್ಲೆಲ್ಲ ಲೋಹದ ಚೂರು ಇರುತ್ತದೆ, ಅದನ್ನು ಬಿಡಿ. ಬ್ಯಾಟರಿಯದಾದರೆ ಬ್ಯಾಟರಿಯ ವಯಸ್ಸು ಕೇಳಿ. ಕೆಲಸ ಮಾಡದೆ ಸುಮ್ಮನೆ ಕೂತರೂ ಲಿಥಿಯಂ ಬ್ಯಾಟರಿ ಮುದಿಯಾಗುತ್ತದೆ. ಹೊಸ ಬ್ಯಾಟರಿಯ ಬೆಲೆ ಸೇರಿಸಿ ನೋಡಿದರೆ ಎಷ್ಟೋ ಸಲ ಲಾಭ ಮಾಯವಾಗುತ್ತದೆ.

ಮೈಟರ್ ಸಾವೇ ಬೇಡವಾದವರು

ಪ್ಲೈವುಡ್ ಕೆಲಸವೇ ಹೆಚ್ಚು ಅನ್ನುವವರಿಗೆ ಇವು ಯಾವುವೂ ಅಲ್ಲ. 1220 × 2440 ಮಿ.ಮೀ. ಹಾಳೆಯ ಮುಂದೆ 300 ಮಿ.ಮೀ. ಎಷ್ಟರದ್ದು? ಒಂದು ಸರ್ಕ್ಯುಲರ್ ಸಾ, ನೆಟ್ಟಗಿನ ಒಂದು ಗೈಡ್ ಪಟ್ಟಿ, ಎರಡು ಕ್ಲಾಂಪು ಸಾಕು. ಅಪರೂಪಕ್ಕೆ ಅಗಲ ಹಲಗೆ ಕೊಯ್ಯುವವರೂ ಸಾದಾ ಮೈಟರ್ ಸಾ ಜೊತೆಗೆ ಇದನ್ನು ಇಟ್ಟುಕೊಂಡರೆ ಸ್ಲೈಡರಿನ ಮಾತೇ ಬರುವುದಿಲ್ಲ. ನಿಧಾನ, ನಿಜ. ತಿಂಗಳಿಗೆ ಎರಡು ಕೊಯ್ತಕ್ಕೆ ನಿಧಾನವಾದರೆ ಏನಂತೆ?

ತಂದ ಮೇಲೆ

ರೀಫರ್ಬಿಶ್ಡ್ ಪೆಟ್ಟಿಗೆಯಲ್ಲಿ ಕ್ಲಾಂಪು, ಧೂಳಿನ ಚೀಲ, ಬ್ಲೇಡಿನ ಕೀಲಿ ಇವುಗಳಲ್ಲಿ ಒಂದಾದರೂ ಕಾಣೆಯಾಗಿರುತ್ತದೆ. ಉಳಿಸಿದ ದುಡ್ಡಿನಲ್ಲಿ ಮೊದಲ ಪಾಲು ಬ್ಲೇಡಿಗೆ ಕೊಡಿ. ಸ್ಲೈಡರಿಗೆ ಹಲ್ಲು ಹಿಂದಕ್ಕೆ ವಾಲಿದ, ಅಂದರೆ ನೆಗೆಟಿವ್ ಹುಕ್ ಇರುವ ಬ್ಲೇಡು ಕೇಳಿ ತನ್ನಿ. ಮುಂದಕ್ಕೆ ತುಂಬ ವಾಲಿದ ಹಲ್ಲು ಮರವನ್ನು ಕಚ್ಚಿ ತಲೆಯನ್ನು ನಿಮ್ಮ ಕಡೆಗೆ ನುಗ್ಗಿಸುತ್ತದೆ.

ಕೊಯ್ಯುವ ಕ್ರಮವೂ ಇದೇ ಕಾರಣಕ್ಕೆ ಹೀಗಿದೆ: ಬ್ಲೇಡು ಮೇಲಿರುವಾಗಲೇ ತಲೆಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ, ಸ್ವಿಚ್ ಒತ್ತಿ, ಪೂರ್ತಿ ವೇಗ ಬಂದ ಮೇಲೆ ಕೆಳಗಿಳಿಸಿ, ಆಮೇಲೆ ಹಿಂದಕ್ಕೆ ತಳ್ಳುತ್ತಾ ಕೊಯ್ಯಿರಿ. ಎಳೆಯುತ್ತಾ ಕೊಯ್ದರೆ ಬ್ಲೇಡು ಮರದ ಮೇಲೆ ಹತ್ತಿ ಮೈಮೇಲೆ ಬರಬಹುದು. ಬ್ಲೇಡು ನಿಂತ ಮೇಲಷ್ಟೇ ತಲೆ ಎತ್ತಿ. ಕೈ ಬ್ಲೇಡಿನಿಂದ 15 ಸೆಂ.ಮೀ. ದೂರ ಇರಲಿ. ಅಷ್ಟು ಜಾಗ ಇಲ್ಲದ ಚಿಕ್ಕ ತುಂಡಿಗೆ ಕ್ಲಾಂಪು ಹಾಕಿ. ಸಪೂರ ಪಟ್ಟಿ ಕೊಯ್ಯುವಾಗ ಸ್ಲೈಡಿಗೆ ಬೀಗ ಹಾಕಿ ಸಾದಾ ಸಾದಂತೆ ಕೆಳಗೆ ಒತ್ತಿದರೆ ಸಾಕು. ಕೋನವೂ ಹೆಚ್ಚು ಕರಾರುವಾಕ್ಕಾಗಿ ಬರುತ್ತದೆ.

ಧೂಳಿನ ವಿಷಯದಲ್ಲಿ ಹೊಸದೂ ಹಳೆಯದೂ ಒಂದೇ. ಜೊತೆಗೆ ಬರುವ ಚೀಲ ಒಂದು ಪಾಲು ಹಿಡಿದರೆ ಉಳಿದದ್ದು ನಿಮ್ಮ ಮೂಗಿಗೆ. ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಸೇರಿಸಿದೆ. ಮಾಸ್ಕು ಹಾಕಿ, ವ್ಯಾಕ್ಯೂಮ್ ಜೋಡಿಸಿ. ಕಿವಿಗೂ ಮುಚ್ಚಳ ಬೇಕು. 85 ಡೆಸಿಬೆಲ್‌ಗಿಂತ ಮೇಲೆ ದಿನವಿಡೀ ಕೇಳಿದರೆ ಕಿವಿಗೆ ಪೆಟ್ಟು, ಈ ಯಂತ್ರ ಅದನ್ನು ಸುಲಭವಾಗಿ ದಾಟುತ್ತದೆ.

ಕಂಬಿಗಳಿಗೆ ಗ್ರೀಸ್ ಬಳಿಯಲು ಹೋಗಬೇಡಿ. ಹೊಟ್ಟು ಅಂಟಿಕೊಂಡು ಗಂಜಿಯಂತಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸುತ್ತಿದ್ದರೆ ಸಾಕು.

ಹಾಗಾದರೆ ಯಾರಿಗೆ ಯಾವುದು? ಫ್ರೇಮು, ಬೀಡಿಂಗ್ ಮಾಡುವವರು ಹೊಸ ಸಾದಾ ಸಾ ತೆಗೆದುಕೊಂಡು ಬ್ಲೇಡಿಗೆ ಕೈ ಬಿಚ್ಚಿ ಖರ್ಚು ಮಾಡಲಿ. ಕಪಾಟು, ಮೇಜು ಮಾಡುವವರು, ಬೆಂಚಿನ ಮೇಲೆ ಖಾಯಂ ಜಾಗ ಇರುವವರು, ಸ್ಪ್ಯಾನರಿಗೆ ಹೆದರದವರು ಕಂಪನಿ ಸರಿಮಾಡಿದ ಸ್ಲೈಡರ್ ಹುಡುಕಲಿ. ಯಂತ್ರವೇ ಹೊಟ್ಟೆಪಾಡಾದವರಿಗೆ ಮಾತು ಬೇರೆ. ಒಂದು ದಿನ ಸಾ ಕೆಟ್ಟು ನಿಂತರೆ ಅಂದಿನ ಕೂಲಿಯೇ ಹೋಗುತ್ತದೆ, ಹಾಗಾಗಿ ಅವರು ಪೂರ್ತಿ ವಾರಂಟಿಯ, ಸರ್ವಿಸ್ ಹತ್ತಿರವಿರುವ ಹೊಸ ಒಳ್ಳೆಯ ಸ್ಲೈಡರ್ ಕೊಂಡರೂ ನಷ್ಟವಿಲ್ಲ. ರೀಫರ್ಬಿಶ್ಡ್ ತಂದವರು ವಾರಂಟಿ ಮುಗಿಯುವ ತನಕ ಯಂತ್ರವನ್ನು ಮೂಲೆಯಲ್ಲಿ ಕೂರಿಸಬೇಡಿ. ಮೊದಲ ವಾರವೇ ಗಟ್ಟಿ ಮರ ಕೊಟ್ಟು ಚೆನ್ನಾಗಿ ದುಡಿಸಿ. ಬೇರಿಂಗೋ ಸ್ವಿಚ್ಚೋ ಕೈ ಕೊಡುವುದಿದ್ದರೆ ಆಗಲೇ ಕೊಡಲಿ, ಬಿಲ್ಲು ಇನ್ನೂ ನಡೆಯುವಾಗ.